ಆರನೇ ಗೆರೆ

ಬೆಳಗಿನ ಏಳು. ಎಂಟು ಕುರ್ಚಿ, ಎಂಟು ಬಟ್ಟಲು.
ರಾತ್ರಿಯಿಂದ ಏನೂ ತಿಂದಿಲ್ಲ ತಾನೇ
ಎಂದು ಒಬ್ಬೊಬ್ಬರನ್ನೂ ಕೇಳಿ ಫಾರಂ ತುಂಬಬೇಕು.
ಆರನೇ ಕುರ್ಚಿಯ ದಾದಾಪೀರ್ ಹೇಳಿದರು:
"ಇಲ್ಲ ಮೇಡಂ. ಉಪವಾಸಕ್ಕೂ ದುಡ್ಡು ಕೊಡ್ತಾರಂತ ಗೊತ್ತಿದ್ರೆ
ನಾನು ಎಂದೋ ಸಾಹುಕಾರ ಆಗಿರ್ತಿದ್ದೆ."

ನೋಡಲು ಬರೀ ಗಂಜಿ. ಬಿಳುಪು, ಬೆಚ್ಚಗೆ, ಚಿಟಿಕೆ ಉಪ್ಪು.
ಹರಿಹರದ ದಾರಿಯ ಹೊಲದ ಮೆಕ್ಕೆಜೋಳ;
ನಡುವೆ ಹದಿನಾರು ತಾಸು
ಒಂದು ಕಿಣ್ವದ ಕೈಯಲ್ಲಿತ್ತು, ಅಷ್ಟೇ.
ಉದ್ದನೆಯ ಸರವನ್ನು ಅದು ಕತ್ತರಿಸುತ್ತದೆ,
ಕತ್ತರಿಸಿದ ತುಂಡನ್ನು ಇನ್ನೊಂದರ ಬೆನ್ನಿಗೆ ಅಂಟಿಸುತ್ತದೆ,
ಕವಲಿನ ಮೇಲೆ ಕವಲು,
ಕುರಿ ಮೇಯ್ದ ಜಾಲಿಯ ಹಾಗೆ ಗಿಡ್ಡ, ಒತ್ತೊತ್ತು.
ಹೊಟ್ಟೆ ಅದನ್ನು ಒಂದೇ ಏಟಿಗೆ ಬಿಚ್ಚಲಾರದು,
ಗಂಟು ಗಂಟಾಗಿ ಬಿಡಿಸಬೇಕು.
ಅಷ್ಟು ಹೊತ್ತೂ ನೆತ್ತರಿಗೆ ಸಕ್ಕರೆ
ಕೆಟ್ಟ ನಲ್ಲಿಯಿಂದ ಬಿದ್ದಂತೆ, ತೊಟ್ಟು
ತೊಟ್ಟು.

ಇದನ್ನೇ ಅವರಿಗೂ ಹೇಳಿದೆ, ಇಷ್ಟು ಚೆನ್ನಾಗಿ ಅಲ್ಲ.
ಚಮಚ ಎತ್ತಿ ಮೂಸಿದರು.
"ನಮ್ಮಪ್ಪ ಗಿರಣ್ಯಾಗೆ ಗಂಜಿ ಖಾತೇಲಿದ್ದ.
ಹಾಸಿನ ನೂಲು ಹರೀಬಾರ್ದು ಅಂತ
ಅದಕ್ಕೆ ಇದೇ ಕುಡಿಸ್ತಿದ್ರು.
ನೂಲು ಕುಡಿದು ಬಿಟ್ಟಿದ್ದು ಮನೀಗೆ ಬಂದೀತು ಅಂತ
ನಾವು ಹಾದಿ ಕಾಯೋರು.
ಅದ್ರಾಗೆ ಮೈಲುತುತ್ತ ಹಾಕ್ತಿದ್ರಂತೆ. ತರ್ಲಿಲ್ಲ."
ಪಕ್ಕದ ಕುರ್ಚಿಯ ಬ್ಯಾಂಕಿನವರು ನಕ್ಕರು.
ನಾನು ಗಡಿಯಾರ ಒತ್ತಿದೆ.

ಹದಿನೈದು ನಿಮಿಷ. ಬೆರಳು.
ಮೂವತ್ತು. ಬೆರಳು.
ಅವರದಕ್ಕೆ ಸೂಜಿ ಇಳಿಯುವುದಿಲ್ಲ.
ಮಂಡಕ್ಕಿ ಭಟ್ಟಿ, ಎರಡನೇ ಬಾಣಲೆ,
ಮೂವತ್ತೊಂದು ವರ್ಷ ಕಾದ ಮರಳಿನ ಮುಂದೆ ಆಡಿದ ಕೈ.
"ಅಲ್ಲಿ ಜೀವ ಇಲ್ಲ, ಇದು ತಗೊಳ್ರಿ" ಎಂದು
ಎಡಗೈಯ ಕಿರುಬೆರಳು ಚಾಚಿದರು,
ಮಗುವಿಗೆ ಹಿಡಿದುಕೊಳ್ಳಲು ಕೊಟ್ಟಂತೆ.

ಸಂಜೆ ಗೆರೆ ಎಳೆದೆ.
ಏಳು ಗೆರೆಗಳು ನಾವು ಬಯಸಿದ ಹಾಗೇ,
ಮಲಗಿದ ಎಮ್ಮೆಯ ಬೆನ್ನು.
ಆರನೆಯದು ಮಾತ್ರ ಎಪ್ಪತ್ತೈದನೇ ನಿಮಿಷಕ್ಕೆ
ದುರ್ಗದ ಬಂಡೆಯ ಹಾಗೆ ಎದ್ದು ನಿಂತಿತ್ತು.
ಮೀಟರ್ ಕೆಟ್ಟಿರಬೇಕು, ಅಂದೆ.
ಕಿಣ್ವವೇ ಸತ್ತಿರಬೇಕು, ಅಂದರು ನಮ್ಮ ಸರ್,
ಆ ರಾತ್ರಿ ಅವರೂ ಉಂಡಿರಲಿಕ್ಕಿಲ್ಲ.

ಮರುದಿನ ಭಟ್ಟಿಗೇ ಹೋದೆ.
ಹೊಗೆ, ಹೊಟ್ಟಿನ ಬೆಂಕಿ, ಜರಡಿಯಿಂದ ಬಿಳಿಯ ಸದ್ದು.
ನನ್ನ ಜೊತೆ ಮಾತಾಡುತ್ತಲೇ ದಾದಾಪೀರ್
ರಾಶಿಗೆ ಕೈ ಹಾಕಿ ಒಂದು ಮುಷ್ಟಿ ಬಾಯಿಗೆಸೆದು
"ಉಪ್ಪು ಕಮ್ಮಿ" ಎಂದರು ಹುಡುಗನಿಗೆ.
ಆಮೇಲೆ ನನ್ನ ಮುಖ ನೋಡಿದರು.
ಆಮೇಲೆ ತಮ್ಮ ಕೈ.
"ಅಯ್ಯೋ. ನಿನ್ನೆ ಜುಬ್ಬದ ಎರಡೂ ಜೇಬ್ನಾಗೆ
ಹುಬ್ಬಳ್ಳಿ ಸೇಟಿಗೆ ತೋರ್ಸಾಕಂತ ಇಟ್ಟಿದ್ದೆ.
ವರಾಂಡದಾಗೆ ನಿಂತಾಗ... ಖುದಾ ಕಸಮ್,
ನಾನು ತಿಂದಿಲ್ಲ ಮೇಡಂ. ಕೈ ತಿಂದಿದ್ದು."

ನಗು ತಡೆಯಲಾಗಲಿಲ್ಲ. ಅವರಿಗೂ.
ನಾವು ಕಟ್ಟಿದ ಬಾಗಿಲುಗಳನ್ನೆಲ್ಲ
ಕಾದ ಮರಳು ಒಂದೇ ಗಳಿಗೆಯಲ್ಲಿ ಒದ್ದು ತೆರೆದಿರುತ್ತದೆ.
ನಾಲಿಗೆ ಮೇಲಿಟ್ಟರೆ ಸಾಕು,
ಅರಳು ಇನ್ನಿಲ್ಲ.

"ನಿಮ್ದು ಹೊಟ್ಟ್ಯಾಗೆ ಎಷ್ಟೊತ್ತು?"
ಮೂರು ತಾಸು.
"ನಮ್ದು?"
ಅರ್ಧ, ಮುಕ್ಕಾಲು.
ಬಾಣಲೆಯ ಅಂಚಿಗೆ ಸಟ್ಟುಗ ತಟ್ಟಿ ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಬೆಂಕಿ ಮುಂದೆ ಕಣ್ಣಿಗೆ ಕತ್ತಲೆ ಬಂದಾಗ
ತೊಟ್ಟು ತೊಟ್ಟು ಅಂದ್ರೆ ಆಗುತ್ತೇನ್ರಿ?
ನಿಮ್ದು ಕಾಯೋರ ಗಂಜಿ.
ಚಲೋ ಐತಿ. ನಮ್ಮ ಮನೆಯಾಕೀಗೆ ಸಕ್ಕರೆ ಕಾಯ್ಲೆ,
ಆಕೀಗೆ ಒಂದೀಟು ಕೊಡ್ತೀರೇನು?"

ಕೊಡುವ ಹಾಗಿಲ್ಲ. ಇನ್ನೂ ಪ್ರಯೋಗ. ಹಾಗೆಂದು ಹೇಳಿದೆ.

ವರದಿಯಲ್ಲಿ ಒಂದೇ ಸಾಲು:
ಆರನೇ ವ್ಯಕ್ತಿಯನ್ನು ಲೆಕ್ಕದಿಂದ ಬಿಡಲಾಗಿದೆ.
ಕಾರಣದ ಕಾಲಮ್ಮಿನಲ್ಲಿ ಏನು ಬರೆಯಲಿ, ಕೈ ಎಂದೇ?

ಬರುವಾಗ ಹಳೇ ಪೇಪರಿನಲ್ಲಿ ಪೊಟ್ಟಣ ಕಟ್ಟಿ ಕೊಟ್ಟಿದ್ದರು.
ಅರಳಿಮರದ ಸರ್ಕಲ್ ದಾಟುವುದರೊಳಗೆ ಖಾಲಿ.
ಮನೆಯ ಬೀಗ ತೆಗೆಯುವಾಗ ಮತ್ತೆ ಹಸಿವು.
ಗಡಿಯಾರ ನೋಡಿಕೊಂಡೆ, ರೂಢಿ:
ನಲವತ್ತು ನಿಮಿಷ.