ಒಂದು ಗೇಣು ಮುಂದಕ್ಕೆ

ಸೋಮವಾರ ತೂಗುಡಬ್ಬಿಗೆ ರಜೆ.
ಇಮೆರೆತಿಯ ಗಣಿಕಣಿವೆ, ಮ್ಯಾಂಗನೀಸಿನ ಮಸಿ ಮೆತ್ತಿದ ಮೆಟ್ಟಿಲು,
ಮುಂದೆ ಜುಂಬೆರ್, ಹಿಂದೆ ನಾನು,
ಹೆಗಲ ಮೇಲೆ ನನ್ನಷ್ಟೇ ಉದ್ದದ ಸ್ಪ್ಯಾನರು.

ಎಳೆಹಗ್ಗವನ್ನು ಕಚ್ಚಿಕೊಂಡ ಕಬ್ಬಿಣದ ದವಡೆ.
ಎಂಟು ಬೋಲ್ಟು. ಒಂದೊಂದರ ಮೇಲೂ
ನಟ್ಟಿನಿಂದ ದವಡೆಗೆ ನಾನೇ ಎಳೆದ ಬಿಳಿ ಗೀರು.
ಏಳು ನೆಟ್ಟಗಿವೆ.
ಎಂಟನೆಯದು ನಡುವೆ ಮುರಿದು
ಅರ್ಧ ಗೀರು ಇನ್ನರ್ಧವನ್ನು ಹುಡುಕುತ್ತಿದೆ.

ಯಾರೂ ತಿರುಗಿಸಿಲ್ಲ. ನಡುಕ ತಿರುಗಿಸಿದೆ:
ಕಂಬ ದಾಟುವಾಗ ಒಂದು, ಬ್ರೇಕು ಹಿಡಿದಾಗ ಒಂದು,
ಗಾಳಿ ಬೀಸಿದರೆ ಲೆಕ್ಕವಿಲ್ಲ.

ಅಂಚಿನಲ್ಲಿ ಕೆಂಪು ಹುಡಿ, ಕೋಕೋದಷ್ಟು ನಯ.
'ಮಳೆ ಹೊಗದ ಸಂದಿಯಲ್ಲಿ ತುಕ್ಕೇ?' ಎಂದೆ.
'ಓಡಾಡುವುದಕ್ಕೆ ಎಣ್ಣೆ ಕುಡಿಸುತ್ತೇವೆ,' ಅಂದ ಜುಂಬೆರ್,
'ಅಲ್ಲಾಡುವುದೇ ಇಲ್ಲ ಅಂತ ಕೂತಿದೆಯಲ್ಲ, ಅದರ ಮೇಲೆ ಕಣ್ಣಿಡು.
ಕೂದಲೆಳೆಗಿಂತ ಕಡಿಮೆ ಸರಿಯುತ್ತದೆ, ವಾಪಸು ಬರುತ್ತದೆ.
ಉದುರಿದ ಹುಡಿಗೆ ಹೊರಗೆ ದಾರಿಯಿಲ್ಲ.
ಒಳಗೇ ಕೂತು ಹೆತ್ತ ಉಕ್ಕನ್ನು ಅರೆಯುತ್ತದೆ.'

'ಇನ್ನೂ ಬಿಗಿದರೆ?'
'ಬೋಲ್ಟಿನ ಕತ್ತು ಸೋತು ಒಂದು ದಿನ ಠಪ್ ಅನ್ನುತ್ತದೆ.'
'ಎಣ್ಣೆ ಹಾಕಿದರೆ?'
ನಕ್ಕ. 'ಹನ್ನೆರಡು ಜನ, ಒಂದು ಮೇಕೆಮರಿ
ಆ ತಿಕ್ಕಾಟವನ್ನೇ ನಂಬಿ ನದಿಯ ಮೇಲೆ ನೇತಾಡುತ್ತವೆ.'

ಸರಪಳಿ ರಾಟೆಗೆ ಭಾರ ವಹಿಸಿ ದವಡೆ ಬಿಚ್ಚಿದೆವು.
ಆಗ ಅವನು ಕೈಗವಸು ಕಳಚಿ
ಬೆರಳು ಹಗ್ಗದ ಮೇಲಿಟ್ಟು, ತೆಗೆದು, ಸುಮ್ಮನಾದ.
ಹತ್ತೊಂಬತ್ತು ವರ್ಷ ಸುರಂಗದಲ್ಲಿ
ಬಂಡೆ ಕೊರೆಯುವ ಯಂತ್ರ ಹಿಡಿದ ಬೆರಳು:
ಚಳಿಗೆ ತುದಿ ಮೇಣದಂತೆ ಬಿಳಿ,
ಅಂಗಿಯ ಗುಂಡಿ ಹೆಂಡತಿಯೇ ಹಾಕಬೇಕು.
'ನೀನು ನೋಡು,' ಅಂದ. 'ಎಷ್ಟು ಎಳೆ?'

ಕಣ್ಣು ಮುಚ್ಚಿ ಸವರಿದೆ.
ಚಪ್ಪಟೆಯಾದ ಎಳೆ, ಪಕ್ಕದಲ್ಲಿ ಸಣ್ಣ ಗುಳಿ, ಇನ್ನೊಂದು ಗುಳಿ,
ಆಮೇಲೆ ಮುಳ್ಳು. ಮತ್ತೊಂದು ಮುಳ್ಳು.
'ಎರಡು ತುಂಡಾಗಿವೆ.'
'ಮೂರಾಗಿದ್ದರೆ ಹಗ್ಗ ಇಳಿಸಬೇಕಿತ್ತು,' ಅಂದು
ಪುಸ್ತಕದಲ್ಲಿ ಬರೆಯಲು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದ.

ಅದೇ ಹಗ್ಗ, ಅದೇ ದವಡೆ.
ಒಂದು ಗೇಣು ಮುಂದಕ್ಕೆ, ಸವೆಯದ ಜಾಗದಲ್ಲಿ ಕಚ್ಚಿಸಿ
ಎದುರುಬದುರಾಗಿ ಬಿಗಿದೆವು: ಒಂದು, ಐದು, ಮೂರು, ಏಳು.
ಮತ್ತೆ ಎಂಟು ಬಿಳಿ ಗೀರು.

ಕೆಳಗೆ ಚೀಸಿನ ಬುಟ್ಟಿ ಹೊತ್ತು ಕಾದಿದ್ದ ಗುಗುಲಿ
ಕತ್ತೆತ್ತಿ ಕೂಗಿದಳು:
'ಬೆಳಗಿಂದ ಏನು ಮಾಡಿದಿರಿ? ಎಲ್ಲ ಇದ್ದ ಹಾಗೇ ಇದೆ!'
ಜುಂಬೆರ್ ಎರಡೂ ಕೈ ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡು
ಹೌದೆನ್ನುವಂತೆ ತಲೆಯಾಡಿಸಿದ.