ಕುಸಿಯದ ಧರೆ

ಪುಷ್ಯ ಮಳೆ ಹಿಡಿದು ನಾಲ್ಕನೇ ದಿನ.
ಕಟ್ಟಿನಹೊಳೆಯಿಂದ ಕೊಡಚಾದ್ರಿಗೆ ಮೂರು ಜೀಪು,
ಮುಂದೆ ನಾನು, ನಡುವೆ ಗುತ್ಯಪ್ಪ,
ಹಿಂದೆ, ಹೊಸದಾಗಿ ಲೈಸೆನ್ಸು ಸಿಕ್ಕ
ಇನಾಸನ ಮಗ ರೋಕಿ.
ಸೀಟಿನಲ್ಲಿ ದಾವಣಗೆರೆಯ ಬ್ಯಾಂಕಿನವರು,
ತೊಡೆ ಮೇಲೆ ಪ್ಲಾಸ್ಟಿಕ್ ಹೊದ್ದ ಕ್ಯಾಮೆರಾ,
ಬಾಯಲ್ಲಿ ಮಂಡಕ್ಕಿ.

ಮೂರನೇ ತಿರುವಿನಲ್ಲಿ ಇಂಜಿನ್ ಆಫ್ ಮಾಡಿದೆ.
ಇದು ಇನಾಸ ಕಲಿಸಿದ್ದು:
ಗುಡ್ಡದ್ದು ಸಣ್ಣ ದನಿ ಮಾರಾಯ,
ಡೀಸೆಲ್ ಗಂಟಲಿನ ಮುಂದೆ ಕೇಳೂದಿಲ್ಲ.

ಇಳಿದೆ.
ನಿನ್ನೆ ತಿಳಿಯಾಗಿದ್ದ ಒರತೆ ಇವತ್ತು ಚಾ ಬಣ್ಣ.
ಧೂಪದ ಮರ ರಸ್ತೆ ಕಡೆ ವಾಲಿದೆ,
ಪರಿಚಯದವರು ಎದುರಾದರೆ
ನಾವು ವಾಲುತ್ತೇವಲ್ಲ, ಅಷ್ಟೇ.
ಮೇಲೆ ಹತ್ತಿ ನೋಡಿದರೆ ಧರೆಯ ನೆತ್ತಿಯಲ್ಲಿ ಬಿರುಕು.
ಎರಡೂ ದಡಕ್ಕೆ ಗೂಟ ಹೊಡೆದು
ನಾನೇ ಕಟ್ಟಿದ್ದ ಕೆಂಪು ಉಲ್ಲನ್ ದಾರ,
ಹೆಂಡತಿಯ ಹಳೇ ಸ್ವೆಟರಿನ ತೋಳು ಬಿಚ್ಚಿದ್ದು,
ಸೋಮವಾರ ಜೋತು ಬಿದ್ದಿತ್ತು.
ಈಗ ತಂತಿ.
ನಿನ್ನೆ ಆ ಬಿರುಕಿಗೆ ಬೆಂಕಿಕಡ್ಡಿ ಅಡ್ಡ ಕೂತಿತ್ತು.
ಇವತ್ತು ಬೆಂಕಿಪೊಟ್ಟಣವೇ ಒಳಗೆ ಜಾರಿತು.
ಬಿದ್ದ ಸದ್ದು ಬರಲಿಲ್ಲ.

ಗುತ್ಯಪ್ಪ ಅಂದ:
‘ಒಬ್ಬೊಬ್ರೇ ದಾಟಣ. ಬೆಲ್ಟ್ ಬಿಚ್ಚಿ, ಬಾಗ್ಲು ತೆಕ್ಕಂಡು.
ಉಳಿದೋರು ಆಚೆ ಬಂಡೆ ಮೇಲೆ ನಿಂತು
ಧರೆ ಮೇಲೇ ಕಣ್ಣಿಟ್ಟಿರ್ಲಿ.’
ಸರಿಯಾದ ಮಾತು.
ಆದರೆ ಅದು ಅನುಮಾನ ಇರುವ ದಿನದ ಮಾತು.
ಇವತ್ತು ನನಗೆ ಅನುಮಾನ ಇರಲಿಲ್ಲ.

‘ಮುಂಜಾನೆ ಒಂದು ಜೀಪು ಹೋಗೈತಲ್ರೀ,
ಗಾಲಿ ಗುರುತು ನೋಡ್ರಿ’ ಅಂದರು ಬ್ಯಾಂಕಿನ ಸಾಹೇಬರು.
ಇತ್ತು. ಹೊಸದೇ.
ಗುರುತು ಹೇಳುವುದು ಒಬ್ಬ ಹೋದ ಅಂತ.
ಅವನ ಭಾರವನ್ನು ಗುಡ್ಡ
ಯಾರ ಖಾತೆಗೆ ಬರೆದುಕೊಂಡಿದೆ
ಅದನ್ನು ಹೇಳುವುದಿಲ್ಲ.

ರಿವರ್ಸ್.
ಹಿಂದಿದ್ದವನೇ ಈಗ ಮುಂದು.
ಕ್ಲಚ್ಚಿನ ಮೇಲೆ ರೋಕಿಯ ಕಾಲು ನಡುಗುವುದು
ಅವನ ಜೀಪಿನ ಬೆನ್ನಲ್ಲೇ ಕಾಣುತ್ತಿತ್ತು.
ಕೆಳಗೆ ಬಂದು ದುಡ್ಡು ವಾಪಸ್ ಕೊಟ್ಟೆವು.
ಒದ್ದೆ ನೋಟನ್ನು ಅವರು ಎರಡೆರಡು ಸಲ ಎಣಿಸಿದರು,
ಕೈಗೆ ಬಂದ ಅಭ್ಯಾಸ.

ಧರೆ ಬೀಳಲಿಲ್ಲ.
ಅವತ್ತೂ ಇಲ್ಲ, ಮರುದಿನವೂ ಇಲ್ಲ.
ಆಶ್ಲೇಷ ಹೋಯಿತು, ಮಘೆ ಹೋಯಿತು,
ಸ್ಟ್ಯಾಂಡಿನಲ್ಲಿ ನನಗೆ ‘ಉಲ್ಲನ್’ ಅಂತ ಹೆಸರು ಬಿತ್ತು.
ನಕ್ಕೆ. ನಗದೆ ಏನು ಮಾಡಲಿ,
ಬೀಳದ ಧರೆಯನ್ನು ಸಾಕ್ಷಿಗೆ ಕರೆಯಲಾದೀತೆ?

ಇನಾಸ ಅದೇ ತಿರುವನ್ನು
ಕಡಿಮೆ ಅಂದರೂ ಮುನ್ನೂರು ಸಲ ದಾಟಿದ್ದ.
ಮುನ್ನೂರು ಸಲವೂ ಧರೆ ಅವನಿಗೆ
ನೀನೇ ಸರಿ, ನೀನೇ ಸರಿ ಅಂದಿತು.
ಹೊತ್ತಾಗಿತ್ತಂತೆ ಅವತ್ತು, ಪ್ಯಾಸೆಂಜರಿಗೆ ಬಸ್ಸು ತಪ್ಪುತ್ತಿತ್ತಂತೆ.
ಎರಡು ದಿನ ಅಗೆದು ಹೊರತೆಗೆದಾಗ
ಜೀಪಿನ ಕೀಲಿ
ಆನ್ ಕಡೆಗೇ ತಿರುಗಿತ್ತು.
ಇದನ್ನು ನೋಡಿದವನು ನಾನು.
ರೋಕಿಗೆ ಈವರೆಗೆ ಹೇಳಿಲ್ಲ.

ಗೌರಿ ಹಬ್ಬ ಕಳೆದು ಬಿಸಿಲು ಬಿತ್ತು.
ಬಿರುಕಿನ ಬಾಯಲ್ಲಿ ಹುಲ್ಲು ಎದ್ದಿದೆ,
ದಾರ ಬಣ್ಣ ಬಿಟ್ಟು ಒಸಡಿನ ಹಾಗಿದೆ.
ರೋಕಿ ಅದನ್ನು ಬೆರಳಲ್ಲಿ ಮೀಟಿ ಕೇಳಿದ:
‘ಬೀಳ್ಲೇ ಇಲ್ವಲ್ಲ ಅಣ್ಣ,
ಅವತ್ತು ಹೋಗ್ಬೋದಿತ್ತಲ್ವಾ?’

‘ಹೋಗ್ಬೋದಿತ್ತು’ ಅಂದೆ.

ಮುಂದೆ ಹೋಗು ಅಂತ ಅವನಿಗೆ ದಾರಿ ಬಿಟ್ಟು
ಬೀಡಿ ಹುಡುಕುತ್ತ ನಿಂತೆ. ಬೆಂಕಿಪೊಟ್ಟಣ ಇರಲಿಲ್ಲ.
ಅವನ ಜೀಪು ಕೆಮ್ಮುತ್ತ ಏರಿತು, ತಿರುವಿನಲ್ಲಿ ಮರೆಯಾಯಿತು.
ಆಮೇಲೆ, ಅಷ್ಟು ಬಿಸಿಲಿನಲ್ಲೂ,
ಇಂಜಿನ್ ನಿಂತಿತು.
ಒಂದು ಹಕ್ಕಿ. ಒರತೆ.
ಮತ್ತೆ ಸ್ಟಾರ್ಟ್ ಆಗುವವರೆಗೆ
ನಾನೂ ಉಸಿರು ಬಿಡಲಿಲ್ಲ.