ಕೆಮ್ಮಿ ಬರುವವರು

ಪುಂಟಾ ಅರೆನಾಸ್‌ನ ಗಾಳಿಗೆ ಕಿಟಕಿ ಗಡಗಡ.
ಇಸ್ಮೇನಿಯಾಳ ಮೇಜಿನ ಮೇಲೆ ಮೂರು ದರಪಟ್ಟಿ, ಆರಿದ ಕಾಫಿ.

ಮೊದಲನೆಯದು ಅಗ್ಗ;
ಪಾಸ್‌ವರ್ಡ್ ಗೊತ್ತಿದ್ದರೆ ಯಾರಾದರೂ ಯಾವಾಗಲಾದರೂ ಒಳಗೆ.
ಎರಡನೆಯದಕ್ಕೆ ಬೀಗದ ಮೇಲೆ ಬೀಗ,
ಬಂದುಹೋದವರ ಲೆಕ್ಕ ಮಾತ್ರ ಇಲ್ಲ.
‘ಅಗ್ಗದ್ದೇ ಸಾಕು,’ ಅಂದ ಗಾಸ್ಪರ್, ‘ನಾವೇನು ಕಳ್ಳರೇ?’

ಹೋದ ಚಳಿಗಾಲ, ದ್ವೀಪದ ಆಸ್ಪತ್ರೆಯಲ್ಲಿ
ನಡುರಾತ್ರಿ ಮೌಸಿನ ಬಾಣ ತಾನಾಗಿ ಸರಿದಾಡಿದ್ದು ಕಂಡು
ನರ್ಸ್ ರೊಸಾಲ್ಬಾ ಪರದೆಗೆ ಶಾಲು ಹೊದಿಸಿದ್ದಳು:
ಒಬ್ಬ ಬಸುರಿಯ ಹೆಸರು ತೆರೆದೇ ಇತ್ತು.
ಇಲ್ಲಿ ಕೂತು ಬಾಣ ಸರಿಸುತ್ತಿದ್ದವಳು ಇಸ್ಮೇನಿಯಾಳೇ;
ಪ್ರಿಂಟರ್ ಸರಿಮಾಡಲು, ಅಷ್ಟೆ.

ಮೂರನೆಯದು ದುಬಾರಿ, ತುಸು ನಿಧಾನ.
ಹೊಸ್ತಿಲಾಚೆ ನಿಂತು ಕೆಮ್ಮುತ್ತದೆ.
ಬೇಡವೆಂದರೆ ಬಂದ ದಾರಿ ಹಿಡಿಯುತ್ತದೆ.

ಸಹಿ ಹಾಕಿದಳು.
ಮೊದಲ ಕರೆ ದ್ವೀಪಕ್ಕೆ: ‘ಬರಲೇ?’
‘ತಡಿ,’ ಅಂದಳು ರೊಸಾಲ್ಬಾ,
‘ಕೂದಲು ಬಾಚಿಕೊಳ್ಳುತ್ತೇನೆ.’